ಅರಳು ಮರಳಿಗೆ ಗಾಂಜಾ ಮದ್ದಾದೀತೇ?

ಶಿಡ್ಲಘಟ್ಟದ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಮನೆಯ ಹಿರಿಯರಿಗೆ ಎಪ್ಪತ್ತೈದು ದಾಟಿದೆ. ನಲವತ್ತು ವರ್ಷ ರೇಷ್ಮೆ ನೂಲು ತೆಗೆಸಿ ಬದುಕಿದವರು. ಮಾರುಕಟ್ಟೆಯಲ್ಲಿ ಗೂಡನ್ನು ಬೆರಳಲ್ಲಿ ಒತ್ತಿ ನೋಡಿಯೇ ಬೆಲೆ ಕಟ್ಟುತ್ತಿದ್ದವರು. ಮೂರು ವರ್ಷಗಳಿಂದ ಅವರಿಗೆ ಮರೆವು. ಮೊದಮೊದಲು ಕನ್ನಡಕ ಎಲ್ಲಿಟ್ಟೆ, ಬೀಗದ ಕೈ ಎಲ್ಲಿಟ್ಟೆ ಎನ್ನುತ್ತಿದ್ದರು. ಆಮೇಲೆ ಉಂಡು ಕೈ ತೊಳೆದ ಅರ್ಧ ಗಂಟೆಗೆ ‘ನನಗೆ ಯಾರೂ ಊಟ ಹಾಕಲಿಲ್ಲ’ ಎಂಬ ದೂರು. ಈಗ ಸಂಜೆ ದೀಪ ಹಚ್ಚುವ ಹೊತ್ತಿಗೆ ಚಡಪಡಿಕೆ ಆರಂಭವಾಗುತ್ತದೆ. ರಾತ್ರಿ ಎರಡು ಗಂಟೆಗೆ ಎದ್ದು ಚಪ್ಪಲಿ ಹುಡುಕುತ್ತಾರೆ. ‘ಹರಾಜಿಗೆ ಹೊತ್ತಾಯಿತು, ಬಾಗಿಲು ತೆಗಿ’ ಎಂದು ಕೂಗುತ್ತಾರೆ. ಅಡ್ಡ ಬಂದ ಸೊಸೆಯ ಮೇಲೆ ಕೈ ಎತ್ತುತ್ತಾರೆ. ಆಕೆ ಒಂದು ರಾತ್ರಿ ಪೂರ್ತಿ ನಿದ್ದೆ ಮಾಡಿ ಎಷ್ಟೋ ತಿಂಗಳಾಗಿವೆ.

ಇಂಥ ಮನೆಗೆ ಸಲಹೆ ಕೊಡುವವರಿಗೆ ಬರವಿಲ್ಲ. ಅಮೆರಿಕದಲ್ಲಿರುವ ಮಗಳು ಫೋನಿನಲ್ಲಿ ಹೇಳುತ್ತಾಳೆ: ‘ಅಮ್ಮಾ, ಇಲ್ಲಿ ಗಾಂಜಾದಿಂದ ಮಾಡಿದ ಔಷಧಿ ಅಂಗಡಿಯಲ್ಲೇ ಸಿಗುತ್ತೆ. ಅಪ್ಪಾಜಿಗೆ ಕೊಟ್ಟರೆ ಸುಮ್ಮನೆ ಮಲಗುತ್ತಾರೆ. ಬರುವಾಗ ತರ್ತೀನಿ.’ ಮೊಮ್ಮಗ ಮೊಬೈಲಿನಲ್ಲಿ ‘ವಿಜಯಾ ಎಣ್ಣೆ’ಯ ಜಾಹೀರಾತು ತೋರಿಸುತ್ತಾನೆ. ಅಜ್ಜಿ ಎರಡೂ ಕಿವಿ ಮುಚ್ಚಿಕೊಳ್ಳುತ್ತಾರೆ: ‘ಶಿವಶಿವಾ, ಮರ್ಯಾದಸ್ಥರ ಮನೆಯಲ್ಲಿ ಗಾಂಜಾ ಮಾತೇ?’ ಸೊಸೆ ಮಾತ್ರ ಏನೂ ಹೇಳುವುದಿಲ್ಲ. ಯಾವುದಾದರೂ ಸರಿ, ಒಂದು ರಾತ್ರಿ ನಿದ್ದೆ ಸಿಕ್ಕರೆ ಸಾಕು ಎಂದು ಅವಳ ಮನಸ್ಸಿನಲ್ಲಿದೆ.

ಈ ನಾಲ್ವರಲ್ಲಿ ಯಾರು ಸರಿ? ಒಬ್ಬರನ್ನೂ ತಳ್ಳಿಹಾಕುವಂತಿಲ್ಲ. ಆದರೆ ಈ ಮಾತುಕತೆಯೆಲ್ಲ ಮನೆಯ ನಾಲ್ಕು ಗೋಡೆಯೊಳಗೇ ಮುಗಿದು, ವೈದ್ಯರ ಕಿವಿಗೆ ಬೀಳದೆ ಹೋದರೆ ಅದು ಅಪಾಯಕಾರಿ. ಮನೆಯಲ್ಲಿ ಡಿಮೆನ್ಷಿಯಾ ಇದೆ ಎನ್ನಲು ನಾಚಿಕೆ. ಗಾಂಜಾ ವಿಚಾರ ಕೇಳಲು ಇನ್ನೂ ನಾಚಿಕೆ. ಎರಡೂ ಸೇರಿದರೆ ಮುದುಕರ ಹೊಟ್ಟೆಗೆ ಏನು ಹೋಗುತ್ತಿದೆ ಎಂಬುದು ಯಾರಿಗೂ ತಿಳಿಯದಂತಾಗುತ್ತದೆ.

ಇದು ವಯಸ್ಸಿನ ದೋಷವಲ್ಲ

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆ ನಮ್ಮಲ್ಲಿದೆ. ಗಡಿ ಭಾಗದ ತೆಲುಗು ಮನೆಮಾತಿನವರು ‘ಮತಿಮರುಪು’ ಎನ್ನುತ್ತಾರೆ. ಎರಡು ಮಾತುಗಳಲ್ಲೂ ‘ವಯಸ್ಸಾಯಿತು, ಇನ್ನೇನು ಮಾಡುವುದು’ ಎಂಬ ಧ್ವನಿಯಿದೆ. ಇದು ಸರಿಯಲ್ಲ. ವಯಸ್ಸಾದ ಎಲ್ಲರಿಗೂ ಡಿಮೆನ್ಷಿಯಾ ಬರುವುದಿಲ್ಲ. ಅದು ಮಿದುಳಿನ ನರಕೋಶಗಳು ಕ್ರಮೇಣ ನಾಶವಾಗುವ ಕಾಯಿಲೆ. ಆಲ್‌ಝೈಮರ್ ಕಾಯಿಲೆ ಇದರ ಮುಖ್ಯ ಕಾರಣ. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳಿಂದ ಮಿದುಳಿನ ರಕ್ತನಾಳಗಳು ಕೆಟ್ಟು ಬರುವ ಬಗೆ ಇನ್ನೊಂದು. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಅಂದಾಜಿನಂತೆ ಭಾರತದಲ್ಲಿ 60 ವರ್ಷ ಮೀರಿದವರಲ್ಲಿ ಶೇ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ.

ಮರೆವು ಈ ಕಾಯಿಲೆಯ ಒಂದು ಮುಖ ಮಾತ್ರ. ಕುಟುಂಬವನ್ನು ಹಣ್ಣು ಮಾಡುವುದು ಇನ್ನೊಂದು ಮುಖ. ಉದ್ರೇಕ, ಕೂಗಾಟ, ಅಲೆದಾಟ, ಸಂಶಯ (‘ನನ್ನ ದುಡ್ಡು ನೀನೇ ಕದ್ದೆ’), ಹಗಲು ನಿದ್ದೆ ರಾತ್ರಿ ಎಚ್ಚರ, ಊಟ ಬೇಡವೆಂಬ ಹಟ. ಗಾಂಜಾದ ಮಾತು ಬರುವುದು ಈ ಲಕ್ಷಣಗಳಿಗಾಗಿಯೇ. ಮರೆವಿಗಾಗಿ ಅಲ್ಲ. ಇದನ್ನು ಮೊದಲೇ ತಿಳಿದುಕೊಳ್ಳಿ. ಗಾಂಜಾದ ಯಾವ ಔಷಧಿಯೂ ಹೋದ ನೆನಪನ್ನು ಮರಳಿ ತರುತ್ತದೆಂದು ಇದುವರೆಗೆ ಸಿದ್ಧವಾಗಿಲ್ಲ. ಹಾಗೆಂದು ಹೇಳಿ ಮಾರುವವರು ಸುಳ್ಳು ಹೇಳುತ್ತಿದ್ದಾರೆ.

ಗಾಂಜಾ ಬಗ್ಗೆ ನಮ್ಮ ಎರಡು ಮನಸ್ಸು

ನಮ್ಮ ನಾಲ್ಕು ಪಟ್ಟಣಗಳಲ್ಲಿ ಇಂದು ಗಾಂಜಾ ಎಂಬ ಮಾತು ಕಿವಿಗೆ ಬೀಳುವುದು ಹೆಚ್ಚಾಗಿ ಪೊಲೀಸ್ ಸುದ್ದಿಯಲ್ಲಿ. ಇಷ್ಟು ಕೆ.ಜಿ. ವಶ, ಇಷ್ಟು ಜನರ ಬಂಧನ. ಚಿಕ್ಕಬಳ್ಳಾಪುರ, ಚಿಂತಾಮಣಿಗಳಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿರುವ ತಂದೆತಾಯಿಗೆ ಆ ಪದ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಈ ಭಯ ಅಕಾರಣವಲ್ಲ. ಹದಿಹರೆಯದ ಮಿದುಳಿಗೆ ಗಾಂಜಾ ಮಾಡುವ ಹಾನಿ ನಿಜ.

ಆದರೆ ಅಜ್ಜ ಅಜ್ಜಿಯರ ಕಾಲದಲ್ಲಿ ಇದೇ ಗಿಡದ ಬಗ್ಗೆ ಇದ್ದ ಭಾವನೆಯೇ ಬೇರೆ. ಜಾತ್ರೆಗೆ ಬರುವ ಬೈರಾಗಿಯ ಚಿಲುಮೆ, ಹಳ್ಳಿಯ ಪಂಡಿತರ ಭಂಗಿ ಸೊಪ್ಪಿನ ಲೇಹ್ಯ – ಇವುಗಳನ್ನು ಕಂಡು ಯಾರೂ ಪೊಲೀಸರನ್ನು ಕರೆಯುತ್ತಿರಲಿಲ್ಲ. ಆಯುರ್ವೇದದಲ್ಲಿ ಇದಕ್ಕೆ ವಿಜಯಾ ಎಂಬ ಗೌರವದ ಹೆಸರೇ ಇದೆ. ಪಶ್ಚಿಮದ ವೈದ್ಯಲೋಕಕ್ಕೆ ಇದನ್ನು ಪರಿಚಯಿಸಿದ ಮುಖ್ಯ ಪ್ರಬಂಧವೂ ನಮ್ಮ ನೆಲದಲ್ಲೇ ಬರೆದದ್ದು. 1839ರಲ್ಲಿ ಕಲ್ಕತ್ತೆಯಲ್ಲಿ ವಿಲಿಯಂ ಓಶಾಘ್ನೆಸಿ ಎಂಬ ವೈದ್ಯ ಅದನ್ನು ಪ್ರಕಟಿಸಿದ.

ಗಾಂಜಾದಿಂದ ಹುಚ್ಚು ಹಿಡಿಯುತ್ತದೆಯೇ ಎಂಬ ಪ್ರಶ್ನೆಯೂ ಹಳೆಯದೇ. ಬ್ರಿಟಿಷ್ ಸರ್ಕಾರ 1893ರಲ್ಲಿ ಒಂದು ಆಯೋಗವನ್ನೇ ನೇಮಿಸಿತು. ಅದು ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ವಿಚಾರಿಸಿತು. ಹುಚ್ಚಾಸ್ಪತ್ರೆಗಳ ದಾಖಲೆಗಳನ್ನು ಒಂದೊಂದಾಗಿ ತೆಗೆದು ನೋಡಿತು. ಕಾರಣ ತಿಳಿಯದ ರೋಗಿಯ ಹೆಸರಿನ ಮುಂದೆ ‘ಗಾಂಜಾ’ ಎಂದು ಬರೆದುಬಿಡುವ ರೂಢಿ ಇದ್ದುದು ಆಗ ಬೆಳಕಿಗೆ ಬಂತು. ಮಿತ ಸೇವನೆಯಿಂದ ದೊಡ್ಡ ಹಾನಿ ಕಾಣದು, ಅತಿಯಾದರೆ ಹಾನಿ ಉಂಟು, ಪೂರ್ಣ ನಿಷೇಧ ಬೇಕಿಲ್ಲ ಎಂದು ಆಯೋಗ ವರದಿ ಕೊಟ್ಟಿತು. 1985ರಲ್ಲಿ ನಮ್ಮ ಸಂಸತ್ತು ಮಾದಕ ದ್ರವ್ಯಗಳ ಕಾಯಿದೆ ತಂದ ಮೇಲೆ ಚಿತ್ರ ಬದಲಾಯಿತು. ಆ ಬಳಿಕ ಬೆಳೆದ ತಲೆಮಾರಿಗೆ ಗಾಂಜಾ ಎಂದರೆ ಅಪರಾಧ, ಅಷ್ಟೇ.

2020ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಾದಕ ದ್ರವ್ಯ ಆಯೋಗ ಗಾಂಜಾವನ್ನು ಅತ್ಯಂತ ಅಪಾಯಕಾರಿ ವಸ್ತುಗಳ ಪಟ್ಟಿಯಿಂದ ಕೈಬಿಟ್ಟಿತು. ಪರವಾಗಿ 27 ಮತ, ವಿರುದ್ಧ 25. ಭಾರತ ಪರವಾಗಿ ಮತ ಹಾಕಿತು. ಇದರ ಅರ್ಥ ಗಾಂಜಾ ನಿರಪಾಯ ಎಂದಲ್ಲ. ಅದಕ್ಕೆ ಔಷಧೀಯ ಬೆಲೆ ಇರಬಹುದು, ಪರೀಕ್ಷಿಸಿ ನೋಡಬಹುದು ಎಂದಷ್ಟೇ. ಮಗಳು ಹೇಳುವ ಅಮೆರಿಕದ ಅಂಗಡಿಗೂ ಈ ಪರೀಕ್ಷೆಗೂ ಸಂಬಂಧವಿಲ್ಲ. ಅಂಗಡಿ ತೆರೆಯಲು ಅನುಮತಿ ಕೊಟ್ಟದ್ದು ಅಲ್ಲಿನ ಆಯಾ ರಾಜ್ಯಗಳ ಕಾನೂನು.

ಮಿದುಳಿನಲ್ಲಿ ಅದು ಮಾಡುವುದೇನು?

ಗಾಂಜಾ ಗಿಡದಲ್ಲಿ ನೂರಕ್ಕೂ ಹೆಚ್ಚು ವಿಶೇಷ ರಾಸಾಯನಿಕಗಳಿವೆ. ನಾವು ತಿಳಿಯಬೇಕಾದವು ಎರಡು. ಒಂದು ಟಿ.ಎಚ್.ಸಿ. ಅಮಲು ತರುವುದು ಇದೇ. ಇನ್ನೊಂದು ಸಿ.ಬಿ.ಡಿ. ಇದರಿಂದ ಅಮಲು ಬರುವುದಿಲ್ಲ. ಮಕ್ಕಳ ಕೆಲವು ಕಠಿಣ ಬಗೆಯ ಅಪಸ್ಮಾರಕ್ಕೆ ಶುದ್ಧ ಸಿ.ಬಿ.ಡಿ. ದ್ರವವನ್ನು ಅಮೆರಿಕದಲ್ಲಿ 2018ರಲ್ಲಿ ಔಷಧಿಯಾಗಿ ಒಪ್ಪಿಕೊಂಡರು.

ಟಿ.ಎಚ್.ಸಿ. ಮಿದುಳಿನಲ್ಲಿ ಕೆಲಸ ಮಾಡುವುದು ಹೇಗೆ? ನಮ್ಮ ದೇಹವೇ ಅದನ್ನು ಹೋಲುವ ವಸ್ತುವನ್ನು ತಯಾರಿಸಿಕೊಳ್ಳುತ್ತದೆ. 1992ರಲ್ಲಿ ಜೆರೂಸಲೇಮಿನ ವಿಜ್ಞಾನಿಗಳು ಅದನ್ನು ಪತ್ತೆ ಮಾಡಿ ‘ಆನಂದಮೈಡ್’ ಎಂದು ಕರೆದರು. ನಮ್ಮ ‘ಆನಂದ’ವೇ! ಸಂಸ್ಕೃತದ ಪದ ಹುಡುಕಿ ಇಟ್ಟ ಹೆಸರು ಅದು. ಈ ವಸ್ತು ಅಂಟಿಕೊಳ್ಳುವ ಗ್ರಾಹಕಗಳು ನರಕೋಶಗಳ ಮೇಲೆ ಇವೆ. ಹಸಿವು, ನಿದ್ದೆ, ನೋವು, ಆತಂಕಗಳ ಮೇಲೆ ಅವುಗಳ ಹಿಡಿತವಿದೆ. ಕೆರಳಿದ ಮುದುಕರನ್ನು ಟಿ.ಎಚ್.ಸಿ. ಶಾಂತಗೊಳಿಸೀತು, ಉಣ್ಣದವರಿಗೆ ಹಸಿವು ತಂದೀತು ಎಂಬ ಆಸೆ ಹುಟ್ಟಿದ್ದು ಇದರಿಂದ.

ಆದರೆ ಈ ಗ್ರಾಹಕಗಳು ದಟ್ಟವಾಗಿರುವ ಜಾಗಗಳಲ್ಲಿ ನೆನಪನ್ನು ಕೂಡಿಡುವ ಭಾಗ ಒಂದು. ದೇಹದ ಸಮತೋಲ ಕಾಯುವ ಭಾಗ ಇನ್ನೊಂದು. ಡಿಮೆನ್ಷಿಯಾ ರೋಗಿಗೆ ಮೊದಲೇ ಕೈಕೊಟ್ಟಿರುವುದು ಇವೇ ಅಲ್ಲವೇ?

ಪ್ರಯೋಗಗಳು ಹೇಳುವುದು

ಆಸೆ ಬೇರೆ, ಪ್ರಯೋಗ ಬೇರೆ. 1997ರಲ್ಲಿ ಅಮೆರಿಕದಲ್ಲಿ ಊಟ ನಿರಾಕರಿಸುತ್ತಿದ್ದ 15 ಆಲ್‌ಝೈಮರ್ ರೋಗಿಗಳಿಗೆ ಡ್ರೊನಾಬಿನಾಲ್ ಕೊಟ್ಟು ನೋಡಿದರು. ಇದು ಕಾರ್ಖಾನೆಯಲ್ಲಿ ತಯಾರಿಸಿ ಅಳತೆ ಮಾಡಿದ ಟಿ.ಎಚ್.ಸಿ. ಗುಳಿಗೆ. ರೋಗಿಗಳ ತೂಕ ಹೆಚ್ಚಿತು, ಉದ್ರೇಕ ಇಳಿಯಿತು. ಆದರೆ ಒಬ್ಬರಿಗೆ ಸೆಳೆತ ಬಂತು. ಹಲವರಿಗೆ ತೂಕಡಿಕೆ.

2015ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ 50 ರೋಗಿಗಳಿಗೆ ಮೂರು ವಾರ ಕಡಿಮೆ ಪ್ರಮಾಣದ ಟಿ.ಎಚ್.ಸಿ. ಅಥವಾ ಹುಸಿ ಗುಳಿಗೆ ಕೊಟ್ಟರು. ದಿನಕ್ಕೆ ಮೂರು ಸಲ 1.5 ಮಿಲಿಗ್ರಾಂ. ಔಷಧಿಯಿಲ್ಲದ ಹುಸಿ ಗುಳಿಗೆ ನುಂಗಿದವರಿಗಿಂತ ಟಿ.ಎಚ್.ಸಿ. ಪಡೆದವರಿಗೆ ಹೆಚ್ಚಿನ ಗುಣವೇನೂ ಕಾಣಲಿಲ್ಲ. ದೊಡ್ಡ ತೊಂದರೆಯೂ ಆಗಲಿಲ್ಲ.

2019ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ 39 ರೋಗಿಗಳ ಮೇಲೆ ನ್ಯಾಬಿಲೋನ್ ಪರೀಕ್ಷಿಸಿದರು. ಇದು ಟಿ.ಎಚ್.ಸಿ.ಯನ್ನು ಹೋಲುವ ಕೃತಕ ಔಷಧಿ. ಉದ್ರೇಕ ಸ್ಪಷ್ಟವಾಗಿ ತಗ್ಗಿತು. ಆದರೆ ಮಂಪರು ಹಿಡಿದು ಕೂತವರ ಸಂಖ್ಯೆಯೂ ಹೆಚ್ಚಿತು.

ಇವುಗಳ ಜೊತೆ ಇನ್ನೊಂದು ಪ್ರಯೋಗ ಸೇರಿಸಿ, ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ವೈದ್ಯಕೀಯ ವಿಮರ್ಶಾ ಸಂಸ್ಥೆ 2021ರಲ್ಲಿ ಎಲ್ಲವನ್ನೂ ಒಟ್ಟಿಗೆ ತೂಗಿ ನೋಡಿತು. ನಾಲ್ಕು ಪ್ರಯೋಗಗಳಲ್ಲಿ ಒಟ್ಟು ಭಾಗವಹಿಸಿದ್ದವರು 126 ಮಂದಿ. ನಮ್ಮ ಕಡೆಯ ಮದುವೆ ಊಟದ ಒಂದು ಪಂಕ್ತಿಯಲ್ಲಿ ಕೂರುವಷ್ಟು ಜನ! ಇಷ್ಟರಿಂದ ಪ್ರಯೋಜನವಿದೆ ಎಂದೂ ಹೇಳಲಾಗದು, ಇಲ್ಲವೆಂದೂ ಖಚಿತವಾಗಿ ಹೇಳಲಾಗದು ಎಂಬುದು ಅದರ ತೀರ್ಮಾನದ ಸಾರ. ಆಮೇಲೆ ಅಮೆರಿಕದ ಐದು ಕೇಂದ್ರಗಳಲ್ಲಿ ತೀವ್ರ ಉದ್ರೇಕದ 75 ಆಲ್‌ಝೈಮರ್ ರೋಗಿಗಳಿಗೆ ದಿನಕ್ಕೆ 10 ಮಿಲಿಗ್ರಾಂ ಡ್ರೊನಾಬಿನಾಲ್ ಅಥವಾ ಹುಸಿ ಗುಳಿಗೆ ಕೊಟ್ಟು ನೋಡಿದರು. 2024ರಲ್ಲಿ ಹೊರಬಂದ ಫಲಿತಾಂಶದಂತೆ ಔಷಧಿ ಪಡೆದವರ ಉದ್ರೇಕ ಸರಾಸರಿ ಶೇ 30ರಷ್ಟು ಇಳಿದಿತ್ತು. ಇದು ಒಳ್ಳೆಯ ಸುದ್ದಿಯೇ. ಆದರೆ ಅದು ಮೂರು ವಾರಗಳ ಪ್ರಯೋಗ. ನಿಮ್ಮ ಮನೆಯ ಹಿರಿಯರ ಕಾಯಿಲೆ ಮೂರು ವಾರದ್ದಲ್ಲ.

ಆದ್ದರಿಂದ ವೈದ್ಯರು ಇಂದು ಪ್ರಾಮಾಣಿಕವಾಗಿ ಹೇಳಬಹುದಾದದ್ದು ಇಷ್ಟು: ಅಳತೆ ಮಾಡಿದ ಟಿ.ಎಚ್.ಸಿ. ಔಷಧಿ ಕೆಲವು ರೋಗಿಗಳ ಉದ್ರೇಕವನ್ನು ಇಳಿಸಬಹುದು. ಯಾರಿಗೆ, ಎಷ್ಟು ಕಾಲ, ಯಾವ ಬೆಲೆ ತೆತ್ತು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಆ ಗುಳಿಗೆಗಳು ನಮ್ಮ ಊರಿನ ಔಷಧದಂಗಡಿಯಲ್ಲಿ ಕೊಳ್ಳಲು ಸಿಗುವಂಥವೂ ಅಲ್ಲ.

‘ಹಾಗಾದರೆ ಈಗ ಕೊಡುವ ಗುಳಿಗೆಗಳೇನು ಸಾಚಾವೇ?’ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಉದ್ರೇಕಗೊಂಡ ಮುದುಕರಿಗೆ ಸಾಮಾನ್ಯವಾಗಿ ಬರೆದುಕೊಡುವ ಮನೋವಿಕಾರದ ಔಷಧಿಗಳು ಡಿಮೆನ್ಷಿಯಾ ರೋಗಿಗಳಲ್ಲಿ ಸಾವಿನ ಅಪಾಯವನ್ನು ಹೆಚ್ಚಿಸುತ್ತವೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2005ರಲ್ಲೇ ಎಚ್ಚರಿಸಿದೆ. ಹಾಗೆಂದು ಅವುಗಳನ್ನು ಕೊಡಲೇಬಾರದೆಂದಲ್ಲ. ಬೇರೆ ದಾರಿಯಿಲ್ಲದಾಗ ಕಡಿಮೆ ಪ್ರಮಾಣದಲ್ಲಿ, ಸ್ವಲ್ಪ ಕಾಲ, ನಿಗಾ ಇಟ್ಟು ಕೊಡಬೇಕು. ನಮ್ಮ ಜನರ ವಿಚಿತ್ರ ನೋಡಿ. ಚೀಟಿಯೇ ಇಲ್ಲದೆ ಅಂಗಡಿಯಿಂದ ನಿದ್ದೆ ಗುಳಿಗೆ ತಂದು ವರ್ಷಗಟ್ಟಲೆ ನುಂಗಿಸಲು ಹೆದರುವುದಿಲ್ಲ. ಗಾಂಜಾ ಎಂದ ಕೂಡಲೇ ಹೌಹಾರುತ್ತಾರೆ. ಮುದಿ ಮಿದುಳಿಗೆ ಎರಡೂ ಬಲವಾದ ಮದ್ದುಗಳೇ.

ಬಾಟಲಿಯಲ್ಲಿ ಏನಿದೆ?

ಮೊಮ್ಮಗ ತೋರಿಸಿದ ವಿಜಯಾ ಎಣ್ಣೆಯ ಕಥೆ ಏನು? 1985ರ ಕಾಯಿದೆಯಲ್ಲಿ ಗಾಂಜಾ ಎಂದರೆ ಗಿಡದ ಹೂ, ಕಾಯಿ ಬಿಟ್ಟ ತುದಿ. ಚರಸ್ ಎಂದರೆ ಅದರ ಅಂಟು. ತುದಿಯಿಲ್ಲದ ಬರೀ ಎಲೆ, ಬೀಜಗಳು ಈ ವ್ಯಾಖ್ಯೆಯಲ್ಲಿ ಬರುವುದಿಲ್ಲ. ಕರ್ನಾಟಕ ಹೈಕೋರ್ಟು 2022ರಲ್ಲಿ ಜಾಮೀನು ಅರ್ಜಿಯೊಂದರ ವಿಚಾರಣೆಯಲ್ಲಿ ಭಂಗಿಯ ಬಗ್ಗೆ ಇದೇ ಮಾತನ್ನು ಎತ್ತಿ ಹೇಳಿತು. ಎಲೆಯಿಂದ ತಯಾರಿಸಿದ ಆಯುರ್ವೇದ ಔಷಧಿಗಳಿಗೆ ಪರವಾನಗಿ ಸಿಗುವುದು ಈ ಕಾರಣದಿಂದ. ಆದರೆ ಔಷಧ ನಿಯಮಗಳಲ್ಲಿ ಭಂಗಿ ವಿಷವಸ್ತುಗಳ ಪಟ್ಟಿಯಲ್ಲಿದೆ. ವೈದ್ಯರ ಮೇಲ್ವಿಚಾರಣೆಯಲ್ಲೇ ಸೇವಿಸಬೇಕು ಎಂಬ ಎಚ್ಚರಿಕೆ ಬಾಟಲಿಯ ಮೇಲೆ ಇರಲೇಬೇಕು. ಜಾಹೀರಾತಿನ ಮೇಲೆ ಕಣ್ಣಿಟ್ಟವರು ಈ ಸಣ್ಣ ಅಕ್ಷರಗಳನ್ನು ಓದುವುದಿಲ್ಲ.

ಇಂಥ ಎಣ್ಣೆ ಡಿಮೆನ್ಷಿಯಾದ ಉದ್ರೇಕವನ್ನು ಇಳಿಸುತ್ತದೆಂದು ತೋರಿಸಿದ ದೊಡ್ಡ ಪ್ರಯೋಗಗಳಿಲ್ಲ. ಮೇಲೆ ಹೇಳಿದ ಟೊರಾಂಟೊ ಗುಳಿಗೆಯ ಗುಣವನ್ನು ಈ ಬಾಟಲಿಗೆ ಅಂಟಿಸುವುದು, ಪಕ್ಕದ ಮನೆಯ ಹುಡುಗ ತೆಗೆದ ಅಂಕವನ್ನು ನಮ್ಮ ಹುಡುಗನ ಹೆಸರಿಗೆ ಬರೆದುಕೊಂಡಂತೆ. ವಿಜಯಾ ಕೊಡಬೇಕೆನಿಸಿದರೆ ನೋಂದಾಯಿತ ಆಯುರ್ವೇದ ವೈದ್ಯರನ್ನು ಮುಖತಃ ಕಂಡು ಕೇಳಿ. ಹಿರಿಯರು ನುಂಗುತ್ತಿರುವ ಅಲೋಪಥಿ ಗುಳಿಗೆಗಳ ಚೀಟಿಯನ್ನೂ ಅವರಿಗೆ ತೋರಿಸಿ.

ಬೀದಿಯಲ್ಲಿ ಸಿಗುವ ಗಾಂಜಾ ವಿಚಾರ ಬೇಡವೇ ಬೇಡ. ಔಷಧಿಗಾಗಿ ತಂದೆ ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಒಂದು ಕೆ.ಜಿ.ವರೆಗಿನ ಗಾಂಜಾ ಇಟ್ಟುಕೊಂಡರೂ ಒಂದು ವರ್ಷದವರೆಗೆ ಸಜೆಯಾಗಬಹುದು. ಹಿತ್ತಲಲ್ಲಿ ಗಿಡ ಬೆಳೆಸಿದರೆ ಶಿಕ್ಷೆ ಹತ್ತು ವರ್ಷದವರೆಗೆ ಹೋಗುತ್ತದೆ. ಅಮೆರಿಕದಿಂದ ಟಿ.ಎಚ್.ಸಿ. ಇರುವ ಮಿಠಾಯಿ, ಎಣ್ಣೆಗಳನ್ನು ಪೆಟ್ಟಿಗೆಯಲ್ಲಿ ತರುವುದೂ ಅಪರಾಧವೇ. ಅಪ್ಪನ ಮೇಲಿನ ಪ್ರೀತಿಯಿಂದ ತಂದ ಮಗಳು ದೇವನಹಳ್ಳಿ ವಿಮಾನ ನಿಲ್ದಾಣದಲ್ಲೇ ಸಿಕ್ಕಿಬಿದ್ದರೆ ಆ ಮನೆಯ ಗತಿಯೇನು?

ಮುದಿ ದೇಹದಲ್ಲಿ ಲೆಕ್ಕ ತಪ್ಪುತ್ತದೆ

ಭಂಗಿಯನ್ನು ಹೊಟ್ಟೆಗೆ ತೆಗೆದುಕೊಂಡರೆ ಅದರ ಪರಿಣಾಮ ಕೂಡಲೇ ಕಾಣುವುದಿಲ್ಲ. ಒಂದು, ಕೆಲವೊಮ್ಮೆ ಎರಡು ಗಂಟೆ ಹಿಡಿಯುತ್ತದೆ. ‘ಏನೂ ಆಗಲಿಲ್ಲವಲ್ಲ’ ಎಂದು ಮನೆಯವರು ಇನ್ನೆರಡು ಹನಿ ಹಾಕುತ್ತಾರೆ. ಆಮೇಲೆ ಎರಡೂ ಸೇರಿ ಏರುತ್ತವೆ. ವಯಸ್ಸಾದವರಲ್ಲಿ ಯಕೃತ್ತು ನಿಧಾನ, ದೇಹದಲ್ಲಿ ಕೊಬ್ಬಿನ ಪಾಲು ಹೆಚ್ಚು. ಕೊಬ್ಬಿನಲ್ಲಿ ಕರಗುವ ಈ ವಸ್ತು ಬೇಗ ಹೊರಹೋಗುವುದಿಲ್ಲ.

ರಾತ್ರಿ ಮೂತ್ರಕ್ಕೆಂದು ಎದ್ದ ಹಿರಿಯರಿಗೆ ರಕ್ತದೊತ್ತಡ ಥಟ್ಟನೆ ಇಳಿದು ತಲೆ ಸುತ್ತುತ್ತದೆ. ಬಿದ್ದರೆ ಸೊಂಟದ ಮೂಳೆ ಮುರಿಯುತ್ತದೆ. ಡಿಮೆನ್ಷಿಯಾ ರೋಗಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದರೆ ಮತ್ತೆ ಮೊದಲಿನಂತೆ ಎದ್ದು ಓಡಾಡುವುದು ಕಷ್ಟ. ಉದ್ರೇಕಕ್ಕೆ ಮದ್ದು ಹುಡುಕಲು ಹೋಗಿ ನಡಿಗೆಯನ್ನೇ ಕಳೆದುಕೊಂಡಂತೆ ಆಗಬಾರದು. ಹೃದಯದ ಬಡಿತ ಏರುಪೇರಾಗಬಹುದು. ಕೆಲವರಿಗೆ ಭ್ರಮೆ, ಗೊಂದಲ ಇಳಿಯುವ ಬದಲು ಇಮ್ಮಡಿಯಾಗುತ್ತದೆ. ಮಂಪರಿನಲ್ಲಿರುವವರ ಬಾಯಿಗೆ ಮುದ್ದೆ, ಅನ್ನ ಇಟ್ಟರೆ ಅದು ಶ್ವಾಸನಾಳಕ್ಕೆ ಇಳಿಯುವ ಅಪಾಯವಿದೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ನುಂಗುವವರಿಗೆ ಸಿ.ಬಿ.ಡಿ. ಎಣ್ಣೆ ಕೊಟ್ಟರೆ ವಾರ್ಫರಿನ್ ಪ್ರಭಾವ ಮಿತಿಮೀರಿ ರಕ್ತಸ್ರಾವವಾಗಬಹುದು. ‘ಗಿಡಮೂಲಿಕೆ ತಾನೇ, ಅದರಿಂದೇನು ತೊಂದರೆ’ ಎನ್ನುವವರು ಇದನ್ನು ಗಮನಿಸಬೇಕು.

ಇನ್ನೊಂದು ಮಾತು. ಕೆನಡಾದ ಒಂಟಾರಿಯೋ ಪ್ರಾಂತ್ಯದ ದಾಖಲೆಗಳನ್ನು ಆಧರಿಸಿ 2025ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೀಗೆನ್ನುತ್ತದೆ: ಗಾಂಜಾ ಸೇವನೆಯ ತೊಂದರೆಯಿಂದ ತುರ್ತು ಚಿಕಿತ್ಸೆಗೆ ಬಂದ 45 ವರ್ಷ ಮೀರಿದವರಲ್ಲಿ ಮುಂದಿನ ಐದು ವರ್ಷಗಳಲ್ಲಿ ಡಿಮೆನ್ಷಿಯಾ ಪತ್ತೆಯಾಗುವ ಸಂಭವ ಇತರರಿಗಿಂತ ಹೆಚ್ಚು. ಗಾಂಜಾವೇ ಕಾರಣವೆಂದು ಇದರಿಂದ ಸಿದ್ಧವಾಗುವುದಿಲ್ಲ. ಆದರೆ ಗಾಂಜಾ ಮಿದುಳನ್ನು ಕಾಪಾಡುತ್ತದೆ ಎಂದು ಸಾರುವವರ ಉತ್ಸಾಹಕ್ಕೆ ಇದು ಕಡಿವಾಣ.

ಮೊದಲು ಹುಡುಕಬೇಕಾದದ್ದು

ಹಾಗಾದರೆ ಆ ಸೊಸೆಯ ನಿದ್ದೆಗೆ ದಾರಿ ಯಾವುದು? ಡಿಮೆನ್ಷಿಯಾ ರೋಗಿ ಏಕಾಏಕಿ ಕೆರಳಿದರೆ ಮೊದಲು ಕಾರಣ ಹುಡುಕಬೇಕು. ಅವರಿಗೆ ನೋವಿದೆ ಎಂದು ಬಾಯಿ ಬಿಟ್ಟು ಹೇಳಲು ಬರುವುದಿಲ್ಲ. ಕೂಗುತ್ತಾರೆ, ಹೊಡೆಯುತ್ತಾರೆ, ಬಟ್ಟೆ ಕಿತ್ತುಕೊಳ್ಳುತ್ತಾರೆ. ಅದೇ ಅವರ ಭಾಷೆ. ನಿನ್ನೆಯವರೆಗೆ ಸುಮ್ಮನಿದ್ದವರು ಇಂದು ರಂಪ ಮಾಡಿದರೆ ಮೂತ್ರದ ಸೋಂಕು ಇದೆಯೇ ನೋಡಿಸಿ. ಜ್ವರವೇ ಇಲ್ಲದೆ ಈ ಸೋಂಕು ಮುದುಕರ ತಲೆ ಕೆಡಿಸಬಲ್ಲದು. ನಾಲ್ಕು ದಿನದಿಂದ ಮಲವಿಸರ್ಜನೆ ಆಗಿಲ್ಲವೇ? ಮಂಡಿ ನೋವೇ? ಹಲ್ಲಿನ ಹುಣ್ಣೇ? ಹೊಸದಾಗಿ ಕೆಮ್ಮಿಗೋ, ನಿದ್ದೆಗೋ ಔಷಧಿ ಕೊಟ್ಟಿರಾ? ಕಣ್ಣಿನ ಪೊರೆಯಿಂದ ಮಸುಕಾಗಿ ಕಾಣುವ ಮುದುಕನಿಗೆ ಮಬ್ಬುಗತ್ತಲಲ್ಲಿ ಗೂಟಕ್ಕೆ ನೇತುಹಾಕಿದ ಅಂಗಿ ಕಳ್ಳನಂತೆ ಕಾಣುತ್ತದೆ. ಕಿವಿಯ ಗುಗ್ಗೆ ತೆಗೆಸಿದ ಮೇಲೆ ಸಂಶಯ ಕಡಿಮೆಯಾಗುವುದುಂಟು. ಮಾತು ಕೇಳಿಸದಿದ್ದಾಗ ಎಲ್ಲರೂ ತನ್ನ ವಿರುದ್ಧವೇ ಪಿಸುಗುಟ್ಟುತ್ತಿದ್ದಾರೆ ಎನಿಸುವುದು ಸಹಜವಲ್ಲವೇ?

ಬಿ-12 ಜೀವಸತ್ವದ ಕೊರತೆ, ಥೈರಾಯ್ಡ್ ತೊಂದರೆ, ಬಿದ್ದು ತಲೆಯೊಳಗೆ ರಕ್ತ ಕಟ್ಟಿಕೊಂಡಿರುವುದು – ಇವೂ ಡಿಮೆನ್ಷಿಯಾದಂತೆಯೇ ಕಾಣುತ್ತವೆ, ಸಕಾಲದಲ್ಲಿ ಚಿಕಿತ್ಸೆ ದೊರೆತರೆ ವಾಸಿಯಾಗಬಲ್ಲವು. ಇಂಥವರಿಗೆ ‘ಅರಳು ಮರಳು’ ಎಂದು ಎಣ್ಣೆ ನೆಕ್ಕಿಸುತ್ತ ಕೂರುವುದು ಘೋರ ಅನ್ಯಾಯ.

ಸಂಜೆಯ ಚಡಪಡಿಕೆಗೆ ಮನೆಯಲ್ಲೇ ಕೆಲವು ಉಪಾಯಗಳಿವೆ. ಬೆಳಗಿನ ಬಿಸಿಲಿನಲ್ಲಿ ಅರ್ಧ ಗಂಟೆ ನಡೆಸಿ. ಮಧ್ಯಾಹ್ನ ಹೆಚ್ಚು ಹೊತ್ತು ಮಲಗಲು ಬಿಡಬೇಡಿ. ಮೂರು ಗಂಟೆಯ ನಂತರ ಕಾಫಿ, ಟೀ ಬೇಡ. ಕತ್ತಲಾಗುವ ಮೊದಲೇ ಎಲ್ಲ ದೀಪ ಹಾಕಿ. ‘ಹರಾಜಿಗೆ ಹೊತ್ತಾಯಿತು’ ಎಂದರೆ, ‘ನೀವು ವ್ಯಾಪಾರ ಬಿಟ್ಟು ಹತ್ತು ವರ್ಷ ಆಯ್ತು ಮಾವ’ ಎಂದು ವಾದಿಸಬೇಡಿ. ವಾದ ಅವರಿಗೆ ಅರ್ಥವಾಗದು, ಅವಮಾನ ಮಾತ್ರ ತಟ್ಟುತ್ತದೆ. ‘ಇವತ್ತು ಮಾರುಕಟ್ಟೆ ರಜಾ ಮಾವ, ಬನ್ನಿ ಹಾಲು ಕುಡಿಯೋಣ’ ಎನ್ನಿ. ಇದನ್ನು ಸುಳ್ಳು ಎಂದು ಯಾರೂ ನಿಮ್ಮ ಲೆಕ್ಕಕ್ಕೆ ಬರೆಯುವುದಿಲ್ಲ. ಕೈಗೆ ನಾಲ್ಕು ಗೂಡು ಕೊಟ್ಟರೆ ಒಂದು ಗಂಟೆ ಅದನ್ನೇ ತಿರುಗಿಸುತ್ತ ಶಾಂತವಾಗಿ ಕೂತಾರು. ಬೆರಳುಗಳ ನೆನಪು ತಲೆಯ ನೆನಪಿಗಿಂತ ತಡವಾಗಿ ಹೋಗುತ್ತದೆ.

ಇವುಗಳಿಗೂ ಬಗ್ಗದಿದ್ದರೆ ಔಷಧಿ ಬೇಕು. ಆಗ ಸಂಕೋಚ ಬೇಡ. ರಾತ್ರಿಯ ಪಾಳಿಯನ್ನು ಮಗ, ಸೊಸೆ ಹಂಚಿಕೊಳ್ಳಬೇಕು. ನಮ್ಮ ಮನೆಗಳಲ್ಲಿ ಇದು ಮಾತಿಗೆ ಬರುವುದೇ ಇಲ್ಲ. ಅಪ್ಪ ಮಗನಿಗೆ ಸೇರಿದವರು, ಸೇವೆ ಸೊಸೆಗೆ ಸೇರಿದ್ದು! ದಣಿದ ಸೊಸೆಯ ಕೈಯಲ್ಲಿ ಹನಿಯ ಲೆಕ್ಕ ತಪ್ಪುವುದು ಸುಲಭ.

ತೋರಿಸುವುದು ಎಲ್ಲಿ?

ಈ ವಿಷಯದಲ್ಲಿ ನಮ್ಮ ಭಾಗದವರು ಅದೃಷ್ಟವಂತರೆಂದೇ ಹೇಳಬೇಕು. 2022ರಲ್ಲಿ ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ ‘ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್’ ಆರಂಭಿಸಿದಾಗ ಮೊದಲ ಪ್ರಯೋಗಕ್ಕೆ ಆರಿಸಿಕೊಂಡ ಜಿಲ್ಲೆಗಳಲ್ಲಿ ಚಿಕ್ಕಬಳ್ಳಾಪುರವೂ ಕೋಲಾರವೂ ಇದ್ದವು. ತಲೆನೋವು, ಅಪಸ್ಮಾರ, ಪಾರ್ಶ್ವವಾಯುಗಳ ಜೊತೆ ಡಿಮೆನ್ಷಿಯಾವನ್ನೂ ಜಿಲ್ಲಾ ಮಟ್ಟದಲ್ಲೇ ಗುರುತಿಸಿ ಚಿಕಿತ್ಸೆ ಕೊಡುವುದು ಇದರ ಉದ್ದೇಶ. ಚಿಕ್ಕಬಳ್ಳಾಪುರ ಜಿಲ್ಲಾ ಆಸ್ಪತ್ರೆಯಲ್ಲಿ ಮಿದುಳು ಆರೋಗ್ಯ ಚಿಕಿತ್ಸಾಲಯ ತೆರೆದದ್ದು ಆಗಲೇ. ಚಿಂತಾಮಣಿಯ ನೆರೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ 45 ವರ್ಷ ಮೀರಿದ ಹತ್ತು ಸಾವಿರ ಮಂದಿಯ ನೆನಪಿನ ಶಕ್ತಿ, ರಕ್ತದೊತ್ತಡ, ಸಕ್ಕರೆಗಳನ್ನು ವರ್ಷ ವರ್ಷ ಗಮನಿಸುವ ದೊಡ್ಡ ಅಧ್ಯಯನ ಕೈಗೊಂಡಿದೆ. ನಮ್ಮ ಹಳ್ಳಿಯವರ ಅರಳು ಮರಳಿಗೆ ಕಾರಣವೇನೆಂದು ನಮ್ಮ ಹಳ್ಳಿಯಲ್ಲೇ ಹುಡುಕುವ ಕೆಲಸ ಅದು.

ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದವರು ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರು ಬರುವ ದಿನವನ್ನು ಅಲ್ಲೇ ಕೇಳಿ ತಿಳಿದುಕೊಳ್ಳಿ. ಹೋಗುವ ಮೊದಲು ಒಂದು ವಾರ ನೋಟ್‌ಪುಸ್ತಕದಲ್ಲಿ ಬರೆದಿಡಿ: ಗಲಾಟೆ ಎಷ್ಟು ಹೊತ್ತಿಗೆ ಶುರುವಾಯಿತು, ಅದಕ್ಕೆ ಮೊದಲು ಏನು ನಡೆಯಿತು, ಎಷ್ಟು ನಿದ್ದೆ ಮಾಡಿದರು, ಮಲಮೂತ್ರ ಸರಿಯಾಗಿ ಆಯಿತೇ. ಹಿರಿಯರು ಸೇವಿಸುವ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿ ಕೊಂಡೊಯ್ಯಿರಿ. ಬಿ.ಪಿ. ಗುಳಿಗೆ, ಸಕ್ಕರೆ ಗುಳಿಗೆ, ನಾಟಿ ವೈದ್ಯರ ಪುಡಿ, ಆನ್‌ಲೈನಿನಲ್ಲಿ ತರಿಸಿದ ಎಣ್ಣೆ – ಒಂದೂ ಬಿಡದೆ. ಎಣ್ಣೆ ಕೊಟ್ಟಿದ್ದರೆ ಕೊಟ್ಟಿದ್ದೇವೆ ಎಂದು ಹೇಳಿ. ಕೊಡಬೇಕೆಂದಿದ್ದರೆ ‘ಡಾಕ್ಟ್ರೇ, ಗಾಂಜಾದ ಔಷಧಿ ಇದಕ್ಕೆ ಆಗುತ್ತಾ?’ ಎಂದು ನೇರವಾಗಿ ಕೇಳಿ. ಅಜ್ಜಿಯನ್ನೂ ಜೊತೆಗೆ ಕರೆದೊಯ್ದರೆ ಒಳ್ಳೆಯದು, ಉತ್ತರವನ್ನು ಅವರೂ ಕೇಳಿಸಿಕೊಳ್ಳಲಿ.

ಆಸ್ಪತ್ರೆಗೆ ಹೋಗಲಾಗದ ರಾತ್ರಿಗಳಲ್ಲಿ ಸರ್ಕಾರದ ಟೆಲಿ-ಮಾನಸ್ ದೂರವಾಣಿ 14416 ಉಚಿತವಾಗಿ ದೊರೆಯುತ್ತದೆ. ಹಿರಿಯ ನಾಗರಿಕರ ಸಹಾಯವಾಣಿ 14567. ಕನ್ನಡದಲ್ಲೇ ಮಾತಾಡಬಹುದು. ರಾತ್ರಿ ಎರಡು ಗಂಟೆಗೆ ಎದ್ದು ಕೂತ ಸೊಸೆ ತನ್ನ ಕಷ್ಟಕ್ಕಾಗಿಯೂ 14416ಕ್ಕೆ ಕರೆ ಮಾಡಬಹುದು.